ದೇವಯ್ಯನ ಉಡಿದಾರದ ಬೀಗದ ಕೈ

ಬೆಳಗಿನ ಐದೂಕಾಲು. ಹೊಣಕೆರೆಯಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯ ಬದಿಯಲ್ಲಿ, ತಗಡಿನ ಶೆಡ್ಡೊಂದರ ಮುಂದೆ ಬಿಳಿ ಕಾರು ನಿಂತಿದೆ. ಮಾಗಿಯ ಮಂಜು ಇನ್ನೂ ಇಳಿಯುತ್ತಲೇ ಇದೆ. ಕಾರಿನ ಅಡಿಯಿಂದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿವೆ, ಹಿಮ್ಮಡಿ ಒಡೆದ ಬರಿಗಾಲು. ಒಳಗೆ ಟಾರ್ಚಿನ ಬೆಳಕು ಅತ್ತಿತ್ತ ಆಡುತ್ತದೆ. ಸ್ವಲ್ಪ ಹೊತ್ತಿಗೆ ಕೈಯೊಂದು ಈಚೆ ಬಂದು, ಒಣಗಿದ ಹುರುಳಿ ಬಳ್ಳಿಯ ಎಳೆಯೊಂದನ್ನು ನೆಲದ ಮೇಲಿಟ್ಟು ಮತ್ತೆ ಒಳಗೆ ಹೋಗುತ್ತದೆ.

ಕಾರಿನ ಒಡತಿ ಪ್ರಮೀಳಾ ಶಾಲು ಹೊದ್ದು ಪಕ್ಕದಲ್ಲೇ ನಿಂತಿದ್ದಾರೆ. ಐದೂಮುಕ್ಕಾಲಿಗೆ ಅವರು ಹೊರಡಬೇಕು. ಮೂರು ಮನೆಯ ಮುಂದೆ ನಿಲ್ಲಿಸಿ ಮೂವರನ್ನು ಹತ್ತಿಸಿಕೊಂಡು, ಏಳು ಗಂಟೆಯೊಳಗೆ ಆದಿಚುಂಚನಗಿರಿಯ ಆಸ್ಪತ್ರೆ ಮುಟ್ಟಬೇಕು. ಮೂವರಿಗೂ ಮೂತ್ರಪಿಂಡ ಕೈಕೊಟ್ಟಿದೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಎರಡು ತಪ್ಪಿದರೆ ಉಸಿರು ಕಟ್ಟುತ್ತದೆ. ಆದರೂ ಪ್ರಮೀಳಾ ಅವಸರ ಮಾಡುವುದಿಲ್ಲ. ಮಾಡಿದರೂ ನಡೆಯುವುದಿಲ್ಲ, ಕಾರಿನ ಕೀ ಅವರ ಕೈಯಲ್ಲಿಲ್ಲ. ಅದು ಬೆಂಚಿನ ಮೇಲಿನ ತಗಡಿನ ಡಬ್ಬಿಯಲ್ಲಿದೆ. ಡಬ್ಬಿಗೆ ಕೆಂಪು ಬೀಗ ಬಿದ್ದಿದೆ. ಆ ಬೀಗದ ಕೈ ಕಾರಿನ ಅಡಿಯಲ್ಲಿ ಮಲಗಿರುವ ಮನುಷ್ಯನ ಉಡಿದಾರದಲ್ಲಿದೆ.

ಆ ಮನುಷ್ಯನೇ ದೇವಯ್ಯ. ವಯಸ್ಸು ಐವತ್ತನಾಲ್ಕು. ಈ ಸೀಮೆಯಲ್ಲಿ ಬ್ಯಾಟರಿ ಕಾರಿನ ಅಡಿಗೆ ಧೈರ್ಯವಾಗಿ ನುಗ್ಗುವ ಮೆಕ್ಯಾನಿಕ್ಕು ಇವರೊಬ್ಬರೇ ಎಂದು ಜನ ಹೇಳುತ್ತಾರೆ. ಧೈರ್ಯ ಎಂಬ ಮಾತನ್ನು ದೇವಯ್ಯ ಒಪ್ಪುವುದಿಲ್ಲ. "ಪೆಟ್ರೋಲ್ ಗಾಡಿ ಉಸಿರಾಡದು ಕೇಳ್ತದೆ. ಇದು ಎದ್ದದೋ ಮಲಗದೋ ಗೊತ್ತಾಗಕಿಲ್ಲ. ಯಾರೋ ಗೊತ್ತಿಲ್ದೆ ಬಂದು ಬಟನ್ ಒತ್ಬುಟ್ರೆ ಅಡೀಲಿರೋ ನನ್ ಗತಿ ಏನು? ಭಯ ಅದೆ, ಅದಕ್ಕೇ ಬೀಗ ಹಾಕ್ತೀನಿ" ಎನ್ನುತ್ತಾರೆ.

ಬೀಗಕ್ಕೆ ಹಳದಿ ಬಣ್ಣದ ಚೀಟಿಯೊಂದು ನೇತುಬಿದ್ದಿದೆ. ಅದರಲ್ಲಿ ದೇವಯ್ಯನವರ ಹಳೆಯ ಫೋಟೊ, ಮೇಲೆ ಎರಡು ಸಾಲು ಚೀನೀ ಅಕ್ಷರ. ಕೆಳಗೆ ಅವರೇ ಬಾಲ್ ಪೆನ್ನಿನಲ್ಲಿ ಬರೆದಿದ್ದಾರೆ: "ಒಳಗೆ ಆಳು ಇದೆ. ಮುಟ್ಟಬೇಡಿ."

ಈ ಬೀಗ ಹೊಣಕೆರೆಗೆ ಬಂದ ದಾರಿ ದೊಡ್ಡದು. ನಾಗಮಂಗಲದಲ್ಲಿ ಐಟಿಐ ಮುಗಿಸಿದ ದೇವಯ್ಯ, ಮೂವತ್ತು ದಾಟಿದ ಮೇಲೆ ಕಂತ್ರಾಟುದಾರನೊಬ್ಬನ ಹಿಂದೆ ಹೋಗಿ ಹೊರರಾಜ್ಯದ ಕಾರಿನ ಕಾರ್ಖಾನೆ ಸೇರಿದವರು. ಹದಿನೆಂಟು ವರ್ಷ ಅಲ್ಲೇ ದುಡಿದರು. ಮೊದಲ ಕೆಲವು ವರ್ಷ ಕಂತ್ರಾಟು. ಆಮೇಲೆ ಕಂಪನಿಯ ಕೆಲಸವೇ ಖಾಯಂ ಆಯಿತು. ಊರಿನ ಎರಡು ಎಕರೆಯನ್ನು ಹೆಂಡತಿ ಸಿದ್ದಲಿಂಗಮ್ಮ ಒಬ್ಬರೇ ನೋಡಿಕೊಂಡರು. ಆ ಹದಿನೆಂಟು ವರ್ಷದಲ್ಲಿ ಕಾರ್ಖಾನೆಯ ಗೇಟಿನ ಬೋರ್ಡು ಎರಡು ಸಲ ಬದಲಾಯಿತು. ಮೊದಲು ಪಡುವಣ ದೇಶದ ಕಂಪನಿಯೊಂದರ ಹೆಸರಿತ್ತು. ವ್ಯಾಪಾರ ಗಿಟ್ಟದೆ ಅವರು ಬಾಗಿಲು ಹಾಕಿದ ಮೇಲೆ ಐದು ತಿಂಗಳು ಬೋರ್ಡೇ ಇರಲಿಲ್ಲ. ಆಮೇಲೆ ಚೀನಾ ಸರ್ಕಾರದ ಒಡೆತನದ ಕಂಪನಿಯೊಂದು ಕಾರ್ಖಾನೆಯನ್ನು ಕೊಂಡಿತು. ಕೊನೆಗೆ ಅವರ ಜೊತೆ ನಮ್ಮ ದೇಶದವರೂ ಪಾಲಿಗೆ ಸೇರಿದರು. "ಬೋರ್ಡ್ ಬದ್ಲಾಯ್ತಿತ್ತು. ಒಳಗೆ ಬೋಲ್ಟು ಬಿಗಿಯೋರು ನಾವೇಯ" ಎಂದು ದೇವಯ್ಯ ನಗುತ್ತಾರೆ.

ಚೀನಾದ ಆ ಕಂಪನಿ ತನ್ನ ದೇಶದಲ್ಲೂ ಎಷ್ಟೋ ವರ್ಷದಿಂದ ಹೊರಗಿನವರ ಜೊತೆ ಕೂಡಿಯೇ ಕಾರು ಮಾಡುತ್ತಿತ್ತು. ಒಂದು ಊರಿನಲ್ಲಿ ಒಬ್ಬರ ಜೊತೆ, ಇನ್ನೊಂದು ಊರಿನಲ್ಲಿ ಇನ್ನೊಬ್ಬರ ಜೊತೆ. ಇದನ್ನು ವಿವರಿಸಲು ದೇವಯ್ಯನವರಿಗೆ ಪೇಪರಿನ ಭಾಷೆ ಬೇಕಿಲ್ಲ.

"ನಮ್ಮಲ್ಲಿ ಒಲ ವಾರಕ್ಕೆ ಮಾಡಕಿಲ್ವ, ಅಂಗೇಯ. ಒಲ, ಆಳು ಚೀನಾದವ್ರುದು. ಬೀಜ, ಬುದ್ಧಿ ಹೊರಗ್ನೋರುದು. ಬೆಳೆ ಇಬ್ರುಗೂ ಪಾಲು. ವಾರ ಮಾಡ್ತಾ ಮಾಡ್ತಾ ಇವ್ರೂ ಬೀಜ ಕಟ್ಟೋದು ಕಲ್ತ್ಕಂಡ್ರು. ಆಮ್ಯಾಕೆ ನಮ್ ದೇಸುಕ್ಕೆ ಬಂದು ಇಲ್ಲೊಬ್ರುಗೆ ವಾರ ಕೊಟ್ರು. ಅದ್ರಲ್ಲಿ ನಂಗೂ ಒಂದ್ ಬೊಗಸೆ ವಿದ್ಯೆ ಸಿಕ್ತು."

ಆ ವಿದ್ಯೆ ಸಿಕ್ಕಿದ್ದು ಚೀನಾದಲ್ಲಿ. ಬ್ಯಾಟರಿ ಕಾರು ಕಟ್ಟಲು ಶುರು ಮಾಡುವ ಮುನ್ನ ಕಂಪನಿ ಹನ್ನೊಂದು ಮಂದಿಯನ್ನು ನಲವತ್ತು ದಿನದ ತರಬೇತಿಗೆ ಕಳಿಸಿತು. ಹಳ್ಳಿಯವರು ಎಂದರೆ ದೇವಯ್ಯ ಒಬ್ಬರೇ. ಸಿದ್ದಲಿಂಗಮ್ಮ ಎರಡು ಸೇರು ರಾಗಿ ಹುರಿಹಿಟ್ಟು ಕಟ್ಟಿ ಕೊಟ್ಟಿದ್ದರು. ಅಲ್ಲಿ ಇವರಿಗೆ ಕಲಿಸಲು ಬಂದದ್ದು ಲಿನ್ ಎಂಬ ಹಿರಿಯ ಕೆಲಸಗಾರ. ಕಸುಬು ಕಲಿಸಿದವರನ್ನು ಆ ದೇಶದಲ್ಲಿ 'ಶಿಫು' ಎನ್ನುತ್ತಾರಂತೆ. ದೇವಯ್ಯ ಇವತ್ತಿಗೂ ಹೆಸರು ಹಿಡಿಯುವುದಿಲ್ಲ, ಶಿಫು ಎಂದೇ ಹೇಳುತ್ತಾರೆ.

ಶಿಫು ಕಲಿಸಿದ ಮೊದಲ ಪಾಠ ಸುಮ್ಮನೆ ನಿಲ್ಲುವುದು. ಕಾರಿನ ಒಳಗಿನ ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಆಳನ್ನು ಕೊಲ್ಲುವಷ್ಟು ಕರೆಂಟು ಹರಿಯುತ್ತದೆ. ಅದನ್ನು ತಡೆಯಲು ಪ್ಲಗ್ಗು ಕಿತ್ತ ಮೇಲೂ ಒಳಗೆ ಒಂದಿಷ್ಟು ಉಳಿದಿರುತ್ತದೆ. ಅದು ಇಳಿಯಲು ಹತ್ತು ನಿಮಿಷ ಬೇಕು. ಶಿಫು ಪ್ಲಗ್ಗು ಕಿತ್ತು, ಬೀಗ ಹಾಕಿ, ಕೈ ಹಿಂದೆ ಕಟ್ಟಿಕೊಂಡು ನಿಂತುಬಿಡುತ್ತಿದ್ದರು. ಗಡಿಯಾರ ನೋಡಿ ಒಂಬತ್ತು ನಿಮಿಷ ಆಯಿತಲ್ಲ ಎಂದು ಮುಂದೆ ಬಂದವರನ್ನು ಮತ್ತೆ ಮೊದಲಿಂದ ನಿಲ್ಲಿಸುತ್ತಿದ್ದರು. ಅವರ ಬಗಲಲ್ಲಿ ಸದಾ ಬಿಸಿನೀರಿನ ಫ್ಲಾಸ್ಕು. ಒಂದು ದಿನ ದೇವಯ್ಯ ಆ ಬಿಸಿನೀರಿಗೆ ಹುರಿಹಿಟ್ಟು ಕಲಸಿ ಒಂದು ಉಂಡೆ ಅವರಿಗೂ ಕೊಟ್ಟರು. "ಅಲ್ಲಿಂದ ದಿನಾ ಅದೇ ಆಯ್ತು. ಆ ಅತ್ತು ನಿಮ್ಸದಲ್ಲಿ ನನ್ ಉರಿಟ್ಟು ಅವ್ರಿಗೆ, ಅವರ ಬಿಸ್ನೀರು ನಂಗೆ. ಮಾತು ಒಂದೂ ತಿಳೀತಿರ್ಲಿಲ್ಲ. ಕೆಲ್ಸ ಎಲ್ಲಾ ತಿಳೀತು" ಎನ್ನುತ್ತಾರೆ. ಹೊರಡುವ ದಿನ ಶಿಫು ತಮ್ಮದೇ ಕೆಂಪು ಬೀಗ ಬಿಚ್ಚಿ ಇವರ ಕೈಗಿಟ್ಟರು.

ನಾಲ್ಕು ವರ್ಷದ ಹಿಂದೆ ಸೊಂಟ ನೋವೆಂದು ಕೆಲಸ ಬಿಟ್ಟು ಊರಿಗೆ ಬಂದ ದೇವಯ್ಯ ಈ ಶೆಡ್ಡು ಹಾಕಿದರು. ಈಗ ತಿಂಗಳಿಗೆ ಮೂವತ್ತು ಮೂವತ್ತೈದು ಗಾಡಿ ಬರುತ್ತವೆ. ಅದರಲ್ಲಿ ಏಳೆಂಟು ಬ್ಯಾಟರಿಯವು. ಪಾಂಡವಪುರದ ದಂತವೈದ್ಯರೊಬ್ಬರು, ಕೆ.ಆರ್. ಪೇಟೆಯ ಬೀಜದಂಗಡಿಯವರು, ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಮುಂದೆ ಟ್ಯಾಕ್ಸಿ ಓಡಿಸುವ ಇಬ್ಬರು ಇವರನ್ನೇ ಹುಡುಕಿಕೊಂಡು ಬರುತ್ತಾರೆ. ಬಂದವರು ಬೆಂಚಿನ ಮೇಲೆ ಕೂತು ಕಾಯಬೇಕು. ಸಿದ್ದಲಿಂಗಮ್ಮನ ತಮ್ಮ ಕರಿಯಯ್ಯನಿಗೆ ಈ ಕಾಯುವ ಶಾಸ್ತ್ರ ನೋಡಿದರೆ ತಮಾಷೆ. "ಬಾವ, ಇದೇನ್ ಗಾಡಿನೋ ಗುಡಿಯೋ? ಕೈ ಕಟ್ಕಂಡು ನಿಂತಿದ್ದೀಯಲ್ಲ, ಇನ್ನೇನ್ ಮಂಗಳಾರತಿ ಆಯ್ತದಾ?" ಎಂದು ಕೆಣಕುತ್ತಿದ್ದ.

ಹೋದ ವರ್ಷ ಇದೇ ಮಾಗಿಯಲ್ಲಿ ನಡೆದದ್ದನ್ನು ಮಾತ್ರ ಆತ ತಮಾಷೆ ಮಾಡುವುದಿಲ್ಲ.

ಈ ಕಡೆ ಹುರುಳಿ ಕಿತ್ತ ಮೇಲೆ ಅದನ್ನು ಟಾರು ರಸ್ತೆಗೆ ಹಾಸುತ್ತಾರೆ. ಸಗಣಿ ಸಾರಿಸಿದ ಕಣ ಈಗ ಯಾರ ಮನೆಯಲ್ಲೂ ಇಲ್ಲ. ಬಸ್ಸು, ಲಾರಿ ಮೇಲೆ ಹರಿದರೆ ಕಾಯಿ ಒಡೆದು ಕಾಳು ಉದುರುತ್ತದೆ. ಇಂಜಿನ್ನಿನ ಸದ್ದು ಕೇಳಿದರೆ ಪಕ್ಕಕ್ಕೆ ಸರಿಯುವುದು, ಗಾಡಿ ಹೋದ ಮೇಲೆ ಮತ್ತೆ ರಸ್ತೆಗಿಳಿದು ಬಳ್ಳಿ ಮಗುಚುವುದು. ಎಲ್ಲರ ಕಿವಿಗೂ ಇದು ರೂಢಿಯಾಗಿದೆ. ಒಂದು ಬುಧವಾರ ಮಧ್ಯಾಹ್ನ ತಿರುವಿನಲ್ಲಿ ಹಾಗೆ ಹಾಸಿದ ಹುರುಳಿಯನ್ನು ಕವೆಗೋಲು ಹಿಡಿದು ಮಗುಚುತ್ತಿದ್ದವರು ಸಿದ್ದಲಿಂಗಮ್ಮ. ಹುರುಳಿ ಇವರ ಹೊಲದ್ದೇ. ಆಸ್ಪತ್ರೆಯಿಂದ ವಾಪಸು ಬರುತ್ತಿದ್ದ ಪ್ರಮೀಳಾರ ಕಾರು ತಿರುವಿಗೆ ಬಂತು. ಸದ್ದಿಲ್ಲದ ಕಾರು. ಸಿದ್ದಲಿಂಗಮ್ಮ ಬೆನ್ನು ತಿರುಗಿಸಿದ್ದರು.

ಹಾರನ್ನು ಕೇಳಿ ಅವರು ತಿರುಗುವಷ್ಟರಲ್ಲಿ ಕಾರು ಒಂದು ಮಾರು ದೂರದಲ್ಲಿತ್ತು. ಪ್ರಮೀಳಾ ಸ್ಟಿಯರಿಂಗನ್ನು ಪಕ್ಕಕ್ಕೆ ಎಳೆದು, ದಟ್ಟವಾಗಿ ಬಿದ್ದಿದ್ದ ಬಳ್ಳಿಯ ರಾಶಿಗೇ ನುಗ್ಗಿಸಿ ನಿಲ್ಲಿಸಿದರು. ಸಿದ್ದಲಿಂಗಮ್ಮ ಹುರುಳಿಯ ಮೇಲೆ ಕುಕ್ಕರಿಸಿ ಬಿದ್ದರು, ಗೀರು ಗಾಯವೂ ಆಗಲಿಲ್ಲ. ಕಾರಿನ ಅಡಿಗೆ ಮಾತ್ರ ಬಳ್ಳಿ ಹಗ್ಗದಂತೆ ಸುತ್ತಿಕೊಂಡು, ಕೆಂಪು ದೀಪ ಹತ್ತಿ, ಗಾಡಿ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎಂದಾಯಿತು.

ಮೂವರಲ್ಲಿ ಇಬ್ಬರನ್ನು ಆಗಲೇ ಇಳಿಸಿಯಾಗಿತ್ತು, ಹಿಂದಿನ ಸೀಟಿನಲ್ಲಿ ಬೆಳ್ಳಾಲೆ ಕಡೆಯ ಕೆಂಪಣ್ಣ ಒಬ್ಬರೇ ಇದ್ದರು. ಅರವತ್ತಾರು ದಾಟಿದ ಜಮೀನುದಾರರು. ಡಯಾಲಿಸಿಸ್ ಮುಗಿಸಿ ಬಂದ ಸುಸ್ತಿಗೆ ಮರದ ಕೆಳಗೆ ಒರಗಿ ಕೂತರು. ಸಿದ್ದಲಿಂಗಮ್ಮ ಎದ್ದು ಓಡಿಹೋಗಿ ಚೊಂಬು ತುಂಬ ನೀರು ತಂದುಕೊಟ್ಟರು. ಅಷ್ಟು ನೀರು ಕುಡಿಯುವಂತಿಲ್ಲದ ಕೆಂಪಣ್ಣ ತುಟಿ ಒದ್ದೆ ಮಾಡಿಕೊಂಡು ಚೊಂಬು ಕೆಳಗಿಟ್ಟರು. "ನಾನೂ ನಲವತ್ತು ವರ್ಸದಿಂದ ರೋಡಲ್ಲೇ ಒಕ್ಕಿದ್ದೀನಿ ಕಣವ್ವ. ನಿನ್ನೊಬ್ಳುದೇ ತಪ್ಪು ಅಂತ ಹೆಂಗಂದೇನು" ಎಂದರು. ಆ ಮಾತನ್ನು ನೆನೆದರೆ ಸಿದ್ದಲಿಂಗಮ್ಮನ ಕಣ್ಣು ಈಗಲೂ ತುಂಬುತ್ತದೆ.

ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆದುಬಿಡೋಣ ಎಂದು ಕರಿಯಯ್ಯ ಹೊರಟ. ದೇವಯ್ಯ ಬಿಡಲಿಲ್ಲ. ಚಕ್ರ ಉರುಳಿದರೆ ಮೋಟಾರು ತಿರುಗಿ ಕರೆಂಟು ಹುಟ್ಟುತ್ತದೆ ಎಂದು ಹೇಳಿ, ಕಾರು ಹೊರುವ ಲಾರಿ ನಾಗಮಂಗಲದಿಂದ ಬರುವ ತನಕ ಕಾಯಿಸಿದರು. ಶೆಡ್ಡಿಗೆ ತಂದ ಮೇಲೆ ಬೀಗ, ಚೀಟಿ, ಹತ್ತು ನಿಮಿಷ. ತಪ್ಪು ತನ್ನ ಮನೆಯದು, ಶುಕ್ರವಾರ ಬೆಳಿಗ್ಗೆ ಮೂರು ಜೀವ ಆಸ್ಪತ್ರೆಗೆ ಹೋಗಬೇಕು, ಊರಿನವರೆಲ್ಲ ಸುತ್ತ ನಿಂತು ನೋಡುತ್ತಿದ್ದಾರೆ. ಅವತ್ತು ಆ ಹತ್ತು ನಿಮಿಷ ಬಹಳ ಉದ್ದವಾಗಿತ್ತು ಎಂದು ದೇವಯ್ಯ ಹೇಳುತ್ತಾರೆ.

ಅಡಿಯ ತಟ್ಟೆ ಬಿಚ್ಚಿದರೆ ಒಳಗೆ ಎರಡು ಮಂಕರಿ ಹುರುಳಿ ಬಳ್ಳಿ. ಕಿತ್ತಳೆ ಕೇಬಲ್ಲಿನ ಹೊರಕವಚ ಗೇಣುದ್ದ ಕಿತ್ತುಹೋಗಿತ್ತು. ಒಳಗಿನ ಕೇಬಲ್ಲು ಕಣ್ಣಿಗೆ ಸರಿಯಾಗಿಯೇ ಕಂಡಿತು. ಮೀಟರು ಇಟ್ಟು ಮೂರು ಸಲ ನೋಡಿದರು. ಎರಡು ಸಲ ಸರಿ ಬಂತು. ಒಂದು ಸಲ ಮುಳ್ಳು ಅನುಮಾನ ತೋರಿಸಿತು. ಗುರುವಾರ ಅದರ ಚಿತ್ರ ತೆಗೆದು, ಈಗ ನಿವೃತ್ತರಾಗಿರುವ ಶಿಫುವಿಗೆ ಫೋನಿನಲ್ಲಿ ಕಳಿಸಿದರು. ಭಾಷೆ ಬದಲಿಸಿಕೊಡುವ ಆ್ಯಪಿನಲ್ಲಿ ಸಂಜೆಗೆ ಬಂದ ಉತ್ತರ ಒಂದೇ ಸಾಲು: ಒಂದು ಸಲ ಅನುಮಾನ ಬಂದರೂ ಓಡಿಸಬೇಡ, ಹೊಸದು ಹಾಕು.

ಹೊಸದು ಬರಲು ಹತ್ತು ದಿನ ಬೇಕಿತ್ತು. ಟೇಪು ಸುತ್ತಿ ಕಳಿಸು, ನಿಧಾನಕ್ಕೆ ಹೋಗುತ್ತಾಳೆ ಎಂದು ಕರಿಯಯ್ಯ ಹೇಳಿದ. ಪ್ರಮೀಳಾ ಕೂಡ ಒಂದು ಸಲ ಕೇಳಿದರು.

"ಆಗಕಿಲ್ಲ ಕಣವ್ವ" ಎಂದರು ದೇವಯ್ಯ. "ಮೂರ್ ಜನುನ್ನ ಕೂರ್ಸಿ ಕಳ್ಸೋ ಗಾಡಿ. ನನ್ ಮೊಖ ಉಳಿಸ್ಕಳಕ್ಕೆ ನಿನ್ ಕೈಗ್ ಕೀ ಕೊಡಕ್ಕಾಯ್ತದಾ?"

ಶುಕ್ರವಾರ ಐದೂಮುಕ್ಕಾಲಿಗೆ ಶೆಡ್ಡಿನ ಹಿಂದಿನಿಂದ ಹಳೆಯ ಪೆಟ್ರೋಲ್ ಕಾರೊಂದು ಕೆಮ್ಮುತ್ತಾ ಹೊರಬಂತು. ಹಳೆಯ ಬೋರ್ಡಿದ್ದಾಗ ಅದೇ ಕಾರ್ಖಾನೆಯಲ್ಲಿ ಕಟ್ಟಿದ ಕಾರು. ಅದರ ಬಾಗಿಲುಗಳನ್ನು ಕೂರಿಸುವ ಸಾಲಿನಲ್ಲಿ ದೇವಯ್ಯ ಆಗ ಕೆಲಸ ಮಾಡುತ್ತಿದ್ದರು. ಕೆಲಸ ಬಿಡುವಾಗ ಅಗ್ಗಕ್ಕೆ ಕೊಂಡು ತಂದದ್ದು. ಹೊಸ ಕೇಬಲ್ಲು ಬರುವವರೆಗೆ ನಾಲ್ಕು ಸರದಿ ಆ ಕಾರಿನಲ್ಲೇ ನಡೆದವು. ಮೊದಲ ದಿನ ದೇವಯ್ಯ ಓಡಿಸಿದರು, ಆಮೇಲೆ ಪ್ರಮೀಳಾ. ಒಂದು ಸರದಿಯೂ ತಪ್ಪಲಿಲ್ಲ. "ಸದ್ದು ಮಾಡೋ ಗಾಡೀಲಿ ಕುಂತು ನಿದ್ದೆ ಬರ್ಲಿಲ್ಲ, ಅದೊಂದೇ ಬೇಜಾರು" ಎಂದು ಕೆಂಪಣ್ಣ ಈಗ ತಮಾಷೆ ಮಾಡುತ್ತಾರೆ. ಪ್ರಮೀಳಾ ಮಾತ್ರ ಗಂಭೀರವಾಗಿಯೇ ಹೇಳುತ್ತಾರೆ: "ಅವತ್ತು ದೇವಣ್ಣ ಕೀ ಕೊಟ್ಟಿದ್ರೆ ನಾನು ಓಡಿಸ್ಬುಡ್ತಿದ್ದೆ. ಕೊಡ್ನಿಲ್ವಲ್ಲ, ಅದಕ್ಕೆ ದಿನಾ ನೆನಿತೀನಿ."

ಈ ವರ್ಷ ಶೆಡ್ಡಿನ ಮುಂದೆ ಹೊಸದೊಂದು ಏರ್ಪಾಡಾಗಿದೆ. ದೇವಯ್ಯ ಸಿಮೆಂಟು ಹಾಕಿ ವಿಶಾಲವಾದ ಕಣ ಮಾಡಿಸಿದ್ದಾರೆ. ರಸ್ತೆಗೆ ಹಾಸಬೇಡಿ, ಇಲ್ಲಿಗೆ ತನ್ನಿ ಎಂದು ಮನೆ ಮನೆಗೆ ಹೋಗಿ ಹೇಳಿದ್ದಾರೆ. ಅಲ್ಲಿ ಹಾಸಿದ ಹುರುಳಿಯ ಮೇಲೆ ಹಳೆಯ ಪೆಟ್ರೋಲ್ ಕಾರು ಸುತ್ತು ಹೊಡೆಯುತ್ತದೆ. ಐದು ಸುತ್ತಿಗೊಮ್ಮೆ ನಿಲ್ಲಿಸಿ ಅಡಿಯ ಬಳ್ಳಿ ಕೀಳಬೇಕು, ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳಬಾರದೆಂದು ಪಕ್ಕದಲ್ಲಿ ಡ್ರಮ್ಮು ತುಂಬ ನೀರು. ಓಡಿಸುವವರು ಸಿದ್ದಲಿಂಗಮ್ಮ. ಈ ಕಣದಲ್ಲೇ ಅವರು ಕಾರು ಕಲಿತದ್ದು. ಬಲಕ್ಕೆ ತಿರುಗಿಸುವುದು ಮಾತ್ರ ಬರುತ್ತದೆ, ಎಡಕ್ಕೆ ಇನ್ನೂ ಕಲಿಯಬೇಕು. ಇದುವರೆಗೆ ಹದಿನಾಲ್ಕು ಮನೆಯ ಹುರುಳಿ ಇಲ್ಲಿ ಒಕ್ಕಣೆಯಾಗಿದೆ. ಬೇರೆ ಊರಿನವರು ಇನ್ನೂ ರಸ್ತೆಗೇ ಹಾಸುತ್ತಾರೆ. ಅದಕ್ಕೇ ಈ ಐದೂಕಾಲರ ತಪಾಸಣೆ.

ದೇವಯ್ಯ ಕಾರಿನ ಅಡಿಯಿಂದ ಎದ್ದು, ಬೆನ್ನಿನ ಮಣ್ಣು ಕೊಡವಿ, ಉಡಿದಾರದ ಬೀಗದ ಕೈಯಿಂದ ಡಬ್ಬಿಯ ಬೀಗ ತೆಗೆದು ಕೀ ಕೊಡುತ್ತಾರೆ. ಹಿಂದಿನ ಚಕ್ರದ ಹತ್ತಿರ ಎರಡು ಎಳೆ ಸಿಕ್ಕಿತ್ತೆಂದೂ, ಬರುವಾಗ ನಿಧಾನವಾಗಿ ಬಾ ಎಂದೂ ಹೇಳುತ್ತಾರೆ. ಬಿಳಿ ಕಾರು ಸದ್ದಿಲ್ಲದೆ ಮಂಜಿನೊಳಗೆ ಸೇರಿಹೋಗುತ್ತದೆ.

ಆಸೆ ಏನು ಎಂದು ಕೇಳಿದರೆ ದೇವಯ್ಯ ಬೆಂಚಿನ ಮೇಲೆ ಕೂತು ಹೇಳುತ್ತಾರೆ: "ಶಿಫು ಒಂದ್ಸಲ ಇಲ್ಲಿಗೆ ಬರ್ಬೇಕು. ನಮ್ ಕಣದ ಉಳ್ಳಿಕಾಳಿನ ಸಾರು, ಮುದ್ದೆ ಉಣ್ಣಬೇಕು. ಅವ್ರ್ ಬೀಗ ಇಲ್ಲೇನ್ ಕೆಲ್ಸ ಮಾಡ್ತಾದೆ ಅಂತ ನೋಡ್ಬೇಕು. ಅಷ್ಟೇಯ."

"ಬರ್ಲಿ, ಇಕ್ತೀನಿ" ಎಂದು ಒಳಗಿನಿಂದ ಸಿದ್ದಲಿಂಗಮ್ಮ ಹೇಳುತ್ತಾರೆ. "ರೋಡಲ್ಲಿ ಒಕ್ಕಿದ್ದಲ್ಲ ಅಂತ ಮೊದ್ಲೇ ಯೋಳ್ಬುಡಿ."

ದೇವಯ್ಯ ನಗುತ್ತಾ, ಶಿಫುವಿನಂತೆ ತಾವೂ ಇಟ್ಟುಕೊಂಡಿರುವ ಬಿಸಿನೀರಿನ ಫ್ಲಾಸ್ಕು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ, ಆದರೆ ಮುಚ್ಚಳ ತೆಗೆಯುವುದಿಲ್ಲ. ಏಳಕ್ಕೆ ಐದು ನಿಮಿಷವಿರುವಾಗ ಬೆಂಚಿನ ಮೇಲಿನ ಫೋನು ಎರಡು ಸಲ ಬಡಿದುಕೊಂಡು ನಿಲ್ಲುತ್ತದೆ. ಅವರು ಅದನ್ನು ಎತ್ತುವುದಿಲ್ಲ. ಆಸ್ಪತ್ರೆ ಮುಟ್ಟಿದೆವು ಎಂದು ಪ್ರಮೀಳಾ ಕೊಡುವ ಗುರುತು ಅದು. ಆಮೇಲಷ್ಟೇ ಲೋಟಕ್ಕೆ ಬಿಸಿನೀರು ಬಗ್ಗಿಸಿಕೊಳ್ಳುತ್ತಾರೆ.