ಕಂಪ್ಯೂಟರಿನ ತೋಟಕ್ಕೆ ಅತ್ತೆಯ ತಕರಾರು

ಸ್ನೇಹಿತರೇ, ಇವತ್ತು ನಮ್ಮ ತೋಟದಲ್ಲಿ ಮಳೆಕಾಡು ಬೆಳೆದು ಜಗಳವಾಯಿತು. ಈ ತೋಟ ಇರುವುದು ಮಗಳು ಸಿಂಧು ಕಂಪ್ಯೂಟರಿನಲ್ಲಿ ಆಡುವ ಆಟದೊಳಗೆ. ಆಟದ ನಕ್ಷೆಯನ್ನು ಬೇರೊಂದು ಸಾಫ್ಟ್‌ವೇರಿನಲ್ಲಿ ತೆರೆದು ಬ್ರಷ್ ಎಳೆದರೆ ಬಯಲು ಕಾಡಾಗುತ್ತದೆ, ಮರಳುಗಾಡಾಗುತ್ತದೆ, ಹಿಮವೂ ಆಗುತ್ತದಂತೆ. ಅಪ್ಪನ ತೆಂಗಿನ ತೋಟ ಮಾಡುತ್ತೇನೆಂದು ಅವಳು ಕಾಡಿನ ಬ್ರಷ್ ಎಳೆದಳು.

ನಮ್ಮ ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಥೂ, ಗರಿಗೆ ಗರಿ ತಾಗ್ತಾವೆ. ಇಂಗಿದ್ರೆ ಕಾಯಿ ಕಚ್ತದೇನೇ? ನಿಮ್ಮಪ್ಪ ಹಗ್ಗ ಹಿಡ್ದು ಮೂವತ್ತಡಿಗೊಂದು ನೆಟ್ಟಿದ್ದ ಕಣೇ!"

ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಯಿತು. ಅತ್ತೆ ಇಷ್ಟು ದಿನ ಮಗನ ಮಾತೇ ಎತ್ತಿರಲಿಲ್ಲ.

ಸಿಂಧು ಕಾಡನ್ನೆಲ್ಲ ಅಳಿಸಿ, "ಎಲ್ಲಿಂದ ಶುರು ಮಾಡ್ಲಿ, ಹೇಳಜ್ಜಿ" ಅಂದಳು. ಅತ್ತೆ ಪರದೆಗೆ ಬೆರಳಿಟ್ಟು, ಮಗ ಮೊದಲು ನೆಟ್ಟ ಬಾವಿ ಪಕ್ಕದ ಮರದಿಂದ ಒಂದೊಂದನ್ನೇ ಹೇಳುತ್ತಾ ಹೋದರು. ನಾನು ಕಾಫಿ ತಂದಾಗ ಇಬ್ಬರೂ ನಾಲ್ಕನೇ ಸಾಲಿನಲ್ಲಿದ್ದರು.

ಕೊನೆಗೆ ಅತ್ತೆ, "ಅದೇನೋ ಹಿಮ ಅಂದ್ಯಲ್ಲ, ಅದುನ್ನ ನಮ್ಮ ಬದು ಒತ್ತಿರೋ ಪಕ್ಕದೋನ ಹೊಲುಕ್ಕೆ ಸುರಿಯೇ" ಅಂದರು.

ಸುರಿದಾಯಿತು. ನಾಳೆ ಆ ಪಕ್ಕದ ಹೊಲದವರು ಸಿಕ್ಕರೆ ಚಳಿ ಹೇಗಿದೆ ಎಂದು ಕೇಳಬೇಕು.