ಟೀಚರ್ ಮತ್ತು ಬಣ್ಣದ ಗಾಜಿನ ಕಿಟಕಿ

ನಮ್ಮ ಪಕ್ಕದ ಮನೆಯ ಟೀಚರ್ ನಿವೃತ್ತರಾದ ಮೇಲೆ ಒಂದು ಕ್ಯಾಮೆರಾ ಕೊಂಡರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಡುರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಹಳೆಯ ಮನೆಗಳ ಫೋಟೋ ತೆಗೆಯುತ್ತಿದ್ದರು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೆ ಕೈ ಎತ್ತಿ, "ಒಂದು ನಿಮಿಷ, ಬೆಳಕು ಬರ್ತಾ ಉಂಟು" ಎನ್ನುವರು. ಫೋಟೋದಲ್ಲಿ ಜನರಿರಬಾರದು ಎಂಬುದು ಅವರ ಹಟ.

ಒಮ್ಮೆ ನಾನೂ ಜೊತೆಗಿದ್ದೆ. ಉಪ್ಪಳದ ಓಣಿಯೊಂದರಲ್ಲಿ ಬಣ್ಣದ ಗಾಜಿನ ಕಿಟಕಿಯತ್ತ ಅವರು ಕ್ಯಾಮೆರಾ ಹಿಡಿದದ್ದೇ, ಆ ಮನೆಯ ಅಜ್ಜ ಬನಿಯನ್ನಿನಲ್ಲೇ ಓಡಿಬಂದರು.

"ರೋಡ್ ಅಗಲ ಮಾಡುವವರಾ ನೀವು? ನಮ್ಮ ಮನೆ ಹೋಗ್ತದಾ?"

"ಇಲ್ಲ ಮಾರಾಯ್ರೆ. ನಿಮ್ಮ ಕಿಟಕಿ ಚಂದ ಉಂಟು, ಅದಕ್ಕೆ."

ಅಜ್ಜ ತಲೆಯೆತ್ತಿ, ಆ ಕಿಟಕಿಯನ್ನು ಅಂದೇ ಮೊದಲು ಕಂಡವರಂತೆ ನೋಡಿದರು. "ಹಾಗಾದ್ರೆ ನಿಲ್ಲಿ" ಎಂದು ಒಳಗೆ ಹೋದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನೂ ಕರೆತಂದು ಕಿಟಕಿಯ ಕೆಳಗೆ ನಿಂತರು.

ಜನ ಬೇಡ ಎನ್ನಲು ಟೀಚರಿಗೆ ಬಾಯಿ ಬರಲಿಲ್ಲ. ನಗುತ್ತಲೇ ತೆಗೆದರು. ಅಷ್ಟರಲ್ಲಿ ಎದುರುಮನೆಯಾಕೆ ಗೇಟಿನಿಂದಲೇ ಕೂಗಿದರು: "ನಮ್ಮ ಬಾಗಿಲು ಎಂತ, ಚಂದ ಇಲ್ವಾ ಅಕ್ಕಾ?"

ಸಂಜೆಯವರೆಗೂ ನಮಗೆ ಆ ಓಣಿಯಿಂದ ಹೊರಡಲಾಗಲಿಲ್ಲ. ಪ್ರತಿ ಬಾಗಿಲಲ್ಲೂ ಒಂದೊಂದು ಸಂಸಾರ ತಲೆ ಬಾಚಿಕೊಂಡು ಕಾಯುತ್ತಿತ್ತು.