ಬಲಕ್ಕೆ ಬಿದ್ದ ಹೂ

ಅತ್ತೆಯ ಎಡದೋಳಿನ ಮೇಲೆ, ರವಿಕೆಯ ತೋಳು ಮುಗಿಯುವಲ್ಲಿ, ಚಿಕ್ಕಂದಿನಲ್ಲಿ ಸಿಡುಬು ಬಾರದಿರಲೆಂದು ದೇವಿ ಹಾಕಿದ, ಎಂದರೆ ಲಸಿಕೆ ಚುಚ್ಚಿದ, ಗುರುತಿತ್ತು. ಎಂಟಾಣೆಯಷ್ಟು ಅಗಲ, ಅಂಚೆಲ್ಲ ಸುಕ್ಕು. ಅದನ್ನು ತೋರಿಸಿ, ಸೂಜಿಗೆ ಹೆದರುವ ಮನೆತನ ನಮ್ಮದಲ್ಲ ಎನ್ನುವಳು. ಅಪ್ಪನ ಅಕ್ಕ. ಸೊಲ್ಲಾಪುರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾಗಿ ನಮ್ಮ ಮನೆಯಲ್ಲೇ ಇದ್ದಳು. ಲೆಕ್ಕವೆಲ್ಲ ಮರಾಠಿಯಲ್ಲಿ, ಬೈಗುಳವೆಲ್ಲ ಕನ್ನಡದಲ್ಲಿ.

ನನಗೆ ಕ್ಷಯ ಬಂದ ವರ್ಷ ಮನೆಯವರು ಊಟದ ತಾಟನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದರು. ಅವರನ್ನು ದೂರುವುದಿಲ್ಲ, ತಮ್ಮನ ಮಗು ಇನ್ನೂ ಚಿಕ್ಕದು. ಆಗಲೇ ಆಸ್ಪತ್ರೆಯವರು ಕ್ಷಯದ ಹೊಸ ಲಸಿಕೆಯ ಪರೀಕ್ಷೆಗೆ ಬರುವಿರಾ ಎಂದು ರೋಗಿಗಳ ಮನೆಯವರನ್ನು ಕೇಳಿದರು. ಎಲ್ಲರಿಗಿಂತ ಮೊದಲು ಒಪ್ಪಿದವಳು ಅತ್ತೆ. ಡಾಕ್ಟರಮ್ಮ ಬಿಡಿಸಿ ಹೇಳಿದರು: ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು; ಯಾರಿಗೆ ಯಾವುದೆಂದು ಚುಚ್ಚುವವರಿಗೂ ತಿಳಿಯದು; ಯಾರಿಗೆ ರೋಗ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ವರ್ಷಗಟ್ಟಲೆ ಕಾದು ನೋಡಬೇಕು. ಕೊಟ್ಟವರಿಗೇ ಏನು ಕೊಟ್ಟೆವೆಂದು ಗೊತ್ತಿಲ್ಲದ ಔಷಧ ಎಂಥದ್ದು ಎಂದು ಅತ್ತೆ ಚುಚ್ಚಿಸಿಕೊಂಡು ಮನೆಗೆ ಬಂದು ಗೊಣಗಿದಳು. ನನಗೂ ತಲೆಬುಡ ಅರ್ಥವಾಗಲಿಲ್ಲ.

ಗೊತ್ತಿಲ್ಲದ್ದನ್ನು ಕೇಳಲು ಅವಳಿಗೊಂದು ಜಾಗವಿತ್ತು, ಅಕ್ಕಲಕೋಟದಾಚೆಯ ಲಕ್ಷ್ಮವ್ವನ ಗುಡಿ. ಅಲ್ಲಿ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕೌಲು, ಎಂದರೆ ದೇವರ ಅಪ್ಪಣೆ, ಕೇಳುತ್ತಾರೆ. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಬಾವಿ ತೋಡುವುದರಿಂದ ಹಿಡಿದು ಮಗಳ ಸಂಬಂಧದವರೆಗೆ ಎಲ್ಲವೂ ಅಲ್ಲೇ ಇತ್ಯರ್ಥ. ತನಗೆ ಚುಚ್ಚಿದ್ದು ಲಸಿಕೆಯೇ ಹೌದೇ ಎಂದು ಅತ್ತೆ ಕೇಳಿದಳು. ಬಲದ ಹೂ ಬಿತ್ತು. ಅಂದು ಸಂಜೆ ನೆಟ್ಟಗೆ ನನ್ನ ಕೋಣೆಗೆ ಬಂದು ಮಂಚದ ಮೇಲೆ ಕೂತು ಹಣೆಗೆ ಕೈಯಿಟ್ಟಳು. ಯಾರಾದರೂ ಮುಟ್ಟಿ ಎಷ್ಟು ದಿನವಾಗಿತ್ತೋ, ನಾನು ಅತ್ತುಬಿಟ್ಟೆ.

ಎಡವಟ್ಟಾದದ್ದು ಆಮೇಲೆ. ತಪಾಸಣೆಗೆ ರಕ್ತ ಕೊಡಲು ಆಸ್ಪತ್ರೆಗೆ ಹೋದಾಗ, ತನ್ನಂತೆಯೇ ಚುಚ್ಚಿಸಿಕೊಂಡಿದ್ದ ಹೆಂಗಸರಿಗೆಲ್ಲ ತನ್ನ ಕೌಲಿನ ಕಥೆ ಹೇಳಿದಳು. ಅವರೂ ಗುಡಿಗೆ ಹೋದರು. ಎಡದ ಹೂ ಬಿದ್ದವರು, ಬರೀ ನೀರಿಗೆ ಯಾಕೆ ಅಲೆಯಬೇಕೆಂದು ಪರೀಕ್ಷೆಗೆ ಬರುವುದನ್ನೇ ಬಿಟ್ಟರು. ಡಾಕ್ಟರಮ್ಮ ಅತ್ತೆಯನ್ನು ಕೂರಿಸಿಕೊಂಡು, ಹೀಗೆ ಅರ್ಧದಲ್ಲೇ ಜನ ಬಿಟ್ಟರೆ ಈ ಲಸಿಕೆ ರೋಗ ತಡೆಯುತ್ತದೋ ಇಲ್ಲವೋ ಎಂದೂ ತಿಳಿಯುವುದಿಲ್ಲ ಎಂದರು. ಅತ್ತೆ ಸಪ್ಪಗಾದಳು.

ಮರುವಾರ ಆ ಹೆಂಗಸರನ್ನೆಲ್ಲ ಗುಡಿಗೆ ಕರೆದೊಯ್ದು, ಅವರೆದುರಿಗೇ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಎಡದ ಹೂ ಬಿತ್ತು. ಇನ್ನೊಮ್ಮೆ ಕೇಳಿದರೆ ಎರಡೂ ಬೀಳಲೇ ಇಲ್ಲ. ಪೂಜಾರಿಯ ಊಟದ ಹೊತ್ತು ಮೀರಿತು.

"ಲಕ್ಷ್ಮವ್ವನೂ ತಡೀರಿ ಅನ್ನಾಕತ್ತಾಳ," ಎಂದಳಂತೆ ಅತ್ತೆ. "ಅವಸರ ಮಾಡಾಕ ನಾವ್ಯಾರ್ರಿ? ನಡೀರಿ ದವಾಖಾನಿಗೆ."

ಹೆಚ್ಚಿನವರು ಮರಳಿದರು. ಆ ಸಂಜೆ ಮಾತ್ರ ಅವಳು ನನ್ನ ಕೋಣೆಗೆ ಬರಲಾರಳು ಎಂದುಕೊಂಡಿದ್ದೆ. ಗಂಜಿ ಹಿಡಿದು ಬಂದಳು, ಮಂಚದ ಮೇಲೆ ಅದೇ ಜಾಗದಲ್ಲಿ ಕೂತಳು. ಎಡದ್ದು ಬಿತ್ತಂತಲ್ಲ ಎಂದೆ.

"ಬೀಳಲಿ ಬಿಡು, ಬಾಳಾ," ಎಂದಳು, ಮಗುವನ್ನು ಕರೆಯುವ ಮರಾಠಿಯಲ್ಲಿ. " ಗಂಜಿ ಆರಾಕತ್ತದ."

ನಾನು ಗುಣವಾದೆ. ಅತ್ತೆ ಕಳೆದ ಚಳಿಗಾಲದಲ್ಲಿ ಹೋದಳು, ಹೃದಯ ನಿಂತು, ಕ್ಷಯದಿಂದಲ್ಲ. ಪರೀಕ್ಷೆ ಮುಗಿದಿಲ್ಲ, ಯಾರಿಗೆ ಯಾವುದೆಂಬ ಗುಟ್ಟೂ ಒಡೆದಿಲ್ಲ. ಮುಂದೊಂದು ದಿನ ಡಾಕ್ಟರಮ್ಮ ಹೇಳಿಯಾರು. ಲಸಿಕೆ ಎಂದರೆ ನಿರಾಳವಾಗಿ ಉಸಿರು ಬಿಡಬೇಕೋ, ನೀರು ಎಂದರೆ ಎಲ್ಲಿ ಮುಖ ಮುಚ್ಚಿಕೊಂಡು ಅಳಬೇಕೋ, ನನಗೆ ತಿಳಿಯುತ್ತಿಲ್ಲ.

ಮೊನ್ನೆ ಗುಡಿಗೆ ಹೋಗಿದ್ದೆ. ಪೂಜಾರಿ ಎರಡು ಹೂ ನೀರಲ್ಲಿ ಅದ್ದಿಕೊಂಡು, ಏನು ಕೇಳಬೇಕೆಂದ. ಎಷ್ಟು ಹೊತ್ತು ನಿಂತರೂ ಕೇಳುವಂಥದ್ದು ಏನೂ ತೋಚಲಿಲ್ಲ. ಕೈಮುಗಿದು ಬಂದೆ.